ಕ್ಯಾಮೆರಾ ಆಫ್ ಇದ್ದರೆ ಆಸಕ್ತಿ ಇಲ್ಲ ಅಂತಲ್ಲ

ಆನ್‌ಲೈನ್ ತರಗತಿಯಲ್ಲಿ ಡಿಗ್ರಿ ಹುಡುಗರು ಕ್ಯಾಮೆರಾ ಆಫ್ ಮಾಡಿ ಕೂರುತ್ತಾರೆ, ಅವರಿಗೆ ಕಲಿಯುವ ಆಸಕ್ತಿಯೇ ಇಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. 2020ರ ಲಾಕ್‌ಡೌನ್‌ನಲ್ಲಿ ಮಲೆನಾಡಿನ ಎಷ್ಟೋ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ಕ್ಯಾಮೆರಾ ಹಾಕಿದರೆ ಡೇಟಾ ಬೇಗ ಖಾಲಿ, ಧ್ವನಿಯೂ ಕಟ್ ಕಟ್.

ನಿಜವಾಗಿ ಬೇಸರ ಬರುವುದು ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದಾಗ. ಐಐಟಿ, ಐಐಎಸ್‌ಸಿಯಂಥ ಸಂಸ್ಥೆಗಳು ಆನ್‌ಲೈನ್‌ನಲ್ಲಿ ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗಳನ್ನೇ ನೋಡಿ. ಅರ್ಥವಾಗದಿದ್ದರೆ ವಿಡಿಯೊ ಮತ್ತೆ ಹಾಕಿಕೊಳ್ಳಬಹುದು, ವಾರ ವಾರ ಅಸೈನ್‌ಮೆಂಟ್ ಇರುತ್ತದೆ, 100ರಲ್ಲಿ 25 ಅಂಕ ಅದಕ್ಕೇ, ಉಳಿದ 75 ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ. ಹಾಗಾಗಿ ಕೊನೇ ವಾರ ಓದಿದರಾಯಿತು ಅನ್ನುವಂತಿಲ್ಲ. ಇದು ತುಂಬಾ ಒಳ್ಳೆಯ ಕ್ರಮ. ಆದರೆ ಪಾಠ ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವಾರಗಳೇ ಕಷ್ಟ ಅಲ್ವಾ?

ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸ್‌ಗಳನ್ನು ‘ಸ್ವಯಂ’ ಅನ್ನುವ ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆಯಲ್ಲಿ (ಎನ್‌ಪಿಟಿಇಎಲ್ ಕೋರ್ಸ್‌ಗಳೂ ಇಲ್ಲೇ ಸಿಗುತ್ತವೆ) ಮಾಡಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲೇ ಅವಕಾಶ ಕೊಟ್ಟಿದೆ. ಹಾಗಿದ್ದಮೇಲೆ ಕಾಲೇಜಿನಲ್ಲಿ ವಾರಕ್ಕೊಂದು ಗಂಟೆ ಮೇಷ್ಟ್ರು ಕೂತು ಆ ಪಾಠದ ಅನುಮಾನಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಸುಮ್ನೆ ಲಿಂಕ್ ಕಳಿಸಿ, ಆಮೇಲೆ ಮಕ್ಕಳನ್ನು ದೂರಿದರೆ ಹೇಗೆ?