ಊರು ಕೂಡಿಸೋರಿಗೂ ಸಂಬಳ ಬೇಕಲ್ವಾ?

ಕಲಬುರಗಿ ಕಡೆ ಒಬ್ಬ ಹುಡುಗ ‘ನಾನು ಜನರನ್ನ ಸಂಘಟನೆ ಮಾಡೋ ಕೆಲಸದಾಗ ಇದ್ದೀನ್ರಿ’ ಅಂದರೆ ಎರಡು ಪ್ರಶ್ನೆ ಬರುತ್ತವೆ. ‘ಯಾವ ಪಾರ್ಟಿ?’ ಆಮೇಲೆ, ‘ಮತ್ತ ಹೊಟ್ಟಿಗಿ ಏನ್ ಮಾಡ್ತಿ?’ ಹೆಣ್ಣು ನೋಡಲು ಹೋದ ಮನೆಯಲ್ಲಾದರೆ ಎರಡನೆಯದೇ ಮೊದಲು. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಕಲಿಸುತ್ತಾರೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕಲಿಸುತ್ತಾರೆ. ಅಲ್ಲಿ ಓದಿದ ನಮ್ಮ ಹುಡುಗರಲ್ಲಿ ನನಗೆ ಗೊತ್ತಿರುವವರು ಈಗ ಏನು ಮಾಡುತ್ತಿದ್ದಾರೆ? ಕೆಲವರು ಪಿಡಿಒ ಪರೀಕ್ಷೆಗೆ ಓದುತ್ತಿದ್ದಾರೆ. ಕೆಲವರು ಬೆಂಗಳೂರಿನ ಕಂಪನಿಗಳಲ್ಲಿ ಎಚ್‌ಆರ್. ಒಬ್ಬ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕಲಿತ ಕೆಲಸವನ್ನೇ ಊರಲ್ಲಿ ಮಾಡುತ್ತಿರುವವರು ಕಡಿಮೆ. ಮಾಡುತ್ತಿರುವವರ ಮನೆಯಲ್ಲಿ ಹೊಲ ಇದೆ, ಇಲ್ಲವೇ ಹೆಂಡತಿಗೆ ಸರ್ಕಾರಿ ನೌಕರಿ ಇದೆ.

ನಾನು ಪುಣೆಯಲ್ಲಿ ಸಂಸಾರ ಹೂಡಿ ಬಹಳ ವರ್ಷವಾಯಿತು. ನಮ್ಮ ಕಡೆಯವರಿಗೆ ಪುಣೆ ಅಂದರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸಿಗುವ ಊರು, ಪರದೇಶವೇನಲ್ಲ. ಆದರೂ ಈ ಒಂದು ವಿಷಯದಲ್ಲಿ ಇಲ್ಲಿನ ರೀತಿ ಬೇರೆ. ಜನರನ್ನು ಒಟ್ಟುಗೂಡಿಸುವುದು ಇಲ್ಲಿ ಕೆಲವರಿಗಾದರೂ ನೌಕರಿ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ, ತಿಂಗಳ ಕೊನೆಗೆ ಸಂಬಳ ಎಣಿಸುವ ನೌಕರಿ.

ಮಾರ್ಕೆಟ್ ಯಾರ್ಡಿನ ಹಮಾಲರನ್ನೇ ನೋಡಿ. ಬಾಬಾ ಆಢಾವ್ ಅವರು ಕಟ್ಟಿದ ಹಮಾಲ ಪಂಚಾಯತ್ ಇಲ್ಲಿ 1950ರ ದಶಕದಿಂದ ಇದೆ. 1969ರಲ್ಲಿ ಮಹಾರಾಷ್ಟ್ರ, ಹಮಾಲರಂಥ ಹೊರೆ ಹೊರುವವರಿಗಾಗಿ ಮಾಥಾಡಿ ಕಾಯ್ದೆ ತಂದಿತು. ಹಮಾಲನ ಹೆಸರು ಆ ಕಾಯ್ದೆಯ ಮಂಡಳಿಯಲ್ಲಿ ದಾಖಲಾಗುತ್ತದೆ. ವ್ಯಾಪಾರಿ ಕೂಲಿಯನ್ನು ಮಂಡಳಿಗೆ ಕಟ್ಟುತ್ತಾನೆ, ಅದರ ಮೇಲೆ ಲೆವಿ ಅನ್ನುವ ಹೆಚ್ಚಿನ ವಂತಿಗೆಯನ್ನೂ ಕಟ್ಟುತ್ತಾನೆ. ಆ ಲೆವಿಯಿಂದ ಪಿಎಫ್, ಬೋನಸ್, ಗ್ರಾಚ್ಯುಟಿ. ಚೀಲ ಹೊರುವವನಿಗೆ ಗ್ರಾಚ್ಯುಟಿ! ಇದನ್ನು ಕಲಬುರಗಿ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ತೊಗರಿ ಚೀಲ ಹೊರುವ ನಮ್ಮೂರಿನ ಒಬ್ಬರಿಗೆ ಹೇಳಿದೆ. ‘ಹುಡುಗಾಟ ಮಾಡ್ಬ್ಯಾಡ’ ಅಂದರು. ನಮ್ಮಲ್ಲೂ ಹಮಾಲರಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಅಂತ ಯೋಜನೆ ಇದೆ, ಸ್ಮಾರ್ಟ್ ಕಾರ್ಡ್ ಇದೆ. ಇಲ್ಲ ಅಂತಲ್ಲ. ಆದರೆ ಅದು ಸರ್ಕಾರ ಕೊಟ್ಟ ಕಾರ್ಡು. ಪುಣೆಯವರದು ಕೂತು, ನಿಂತು, ಕೆಲಸ ನಿಲ್ಲಿಸಿ ಪಡೆದದ್ದು. ಅದನ್ನು ದಿನಾ ಕಾಯಲು ಆಫೀಸು ಇದೆ, ಆಫೀಸಿನಲ್ಲಿ ಸಂಬಳದ ಜನ ಇದ್ದಾರೆ.

ಇನ್ನೊಂದು, ಕಸ ಆಯುವವರ ಸಂಘ. ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಅಂತ ಅದರ ಹೆಸರು, 1993ರಲ್ಲಿ ಶುರುವಾಯಿತು. ಮುಂದೆ ಅದರಿಂದಲೇ ‘ಸ್ವಚ್ಛ್’ ಸಹಕಾರಿ ಹುಟ್ಟಿತು, 2008ರಲ್ಲಿ ಪುಣೆ ಪಾಲಿಕೆಯ ಜತೆ ಮನೆ ಮನೆ ಕಸದ ಒಪ್ಪಂದ ಮಾಡಿಕೊಂಡಿತು. ನನಗೆ ಇದರಲ್ಲಿ ಬಹಳ ಮುಖ್ಯ ಅನಿಸುವ ವಿಷಯ ಬೇರೆ. ಇದನ್ನು ಶುರು ಮಾಡಿದ ಲಕ್ಷ್ಮೀ ನಾರಾಯಣ ಮತ್ತು ಪೂರ್ಣಿಮಾ ಚಿಕರಮನೆ ಆಗ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದಲ್ಲಿ ಕೆಲಸಕ್ಕಿದ್ದರು. ಅಂದರೆ ಸಂಘ ಕಟ್ಟುವ ಕಷ್ಟದ ಮೊದಲ ವರ್ಷಗಳಲ್ಲಿ ಅವರ ಮನೆಯ ಒಲೆ ಉರಿಯುತ್ತಿತ್ತು. ಹೋರಾಟದ ಕಥೆ ಹೇಳುವಾಗ ಈ ಮಾತನ್ನು ಯಾರೂ ಒತ್ತಿ ಹೇಳುವುದಿಲ್ಲ. ನಾನು ಒತ್ತಿ ಹೇಳುತ್ತೇನೆ.

ನಮ್ಮ ಸೊಸೈಟಿಯಲ್ಲಿ ಒಮ್ಮೆ ಕಸ ಒಯ್ಯುವ ಹೆಂಗಸಿಗೆ ಕೆಲವು ಫ್ಲಾಟಿನವರು ತಿಂಗಳುಗಟ್ಟಲೆ ದುಡ್ಡು ಕೊಡದೆ ಸತಾಯಿಸಿದರು. ಆಕೆ ಜಗಳಕ್ಕೆ ನಿಲ್ಲಲಿಲ್ಲ. ಮುಂದಿನ ವಾರ ಸಂಘದ ಕಡೆಯಿಂದ ಒಬ್ಬ ಹುಡುಗ ನೋಟ್‌ಬುಕ್ ಹಿಡಿದು ಬಂದ. ಯಾವ ಫ್ಲಾಟು, ಎಷ್ಟು ತಿಂಗಳು, ಯಾವತ್ತು ಕೇಳಿದಾಗ ಏನು ಹೇಳಿದಿರಿ, ಎಲ್ಲ ಬರೆದುಕೊಂಡಿದ್ದ. ದನಿ ಏರಿಸಲಿಲ್ಲ. ಚೇರ್ಮನ್ ಕೂಗಾಡುವಷ್ಟು ಕೂಗಾಡಲಿ ಅಂತ ಬಿಟ್ಟು, ಆಮೇಲೆ ಮತ್ತೆ ಮೊದಲನೇ ಫ್ಲಾಟಿನಿಂದ ಓದಲು ಶುರು ಮಾಡಿದ. ಬಾಕಿ ವಸೂಲಾಯಿತು. ಗೇಟಿನ ಹತ್ತಿರ ನಾನು ಮಾತಿಗೆಳೆದೆ. ಉಳಿದಂತೆ ಏನು ಕೆಲಸ ಮಾಡ್ತೀರಿ ಅಂತ ಕೇಳಿಯೇ ಬಿಟ್ಟೆ, ಕಲಬುರಗಿಯವನ ಚಟ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಇದೇ ಕೆಲಸ’ ಅಂದ.

ಅದೇ ಸೊಸೈಟಿಯಲ್ಲಿ ಒಬ್ಬರು ಮನೆಯ ಕಪಾಟು ಜೋಡಿಸಲು ಪರ್ಸನಲ್ ಆರ್ಗನೈಸರ್ ಕರೆಸಿದ್ದರು. ಸೀರೆ ಬೇರೆ, ಮಕ್ಕಳ ಬಟ್ಟೆ ಬೇರೆ, ಬೇಡದ್ದೆಲ್ಲ ಚೀಲಕ್ಕೆ. ದೊಡ್ಡ ಪಟ್ಟಣಗಳಲ್ಲಿ ಈಗ ಇದೂ ಒಂದು ಕಸುಬು. ಅಮೆರಿಕದಲ್ಲಂತೂ ಇವರದೇ ರಾಷ್ಟ್ರಮಟ್ಟದ ಸಂಘ ಇದೆ, ಪರೀಕ್ಷೆ ಇದೆ, ಸರ್ಟಿಫಿಕೇಟ್ ಇದೆ. ಆ ಹೆಣ್ಣುಮಗಳು ಫೀಸು ತೆಗೆದುಕೊಂಡಳು, ಯಾರೂ ‘ಸೇವೆ ಅಂತ ಮಾಡಬಹುದಿತ್ತು’ ಅನ್ನಲಿಲ್ಲ. ಕಪಾಟಿಗೊಂದು ನ್ಯಾಯ, ಊರಿಗೊಂದು ನ್ಯಾಯ.

ಈಗ ನಮ್ಮ ಕಡೆ ಬನ್ನಿ. ಸಂಘಟಕರೇ ಇಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಓಣಿಗೊಬ್ಬರು ಇದ್ದಾರೆ. ನನ್ನ ತಮ್ಮನ ಹೆಂಡತಿ ಆಳಂದ ತಾಲೂಕಿನ ಒಂದು ಪಂಚಾಯತಿಯಲ್ಲಿ ಎಂಬಿಕೆ, ಅಂದರೆ ಹೆಂಗಸರ ಸ್ವಸಹಾಯ ಗುಂಪುಗಳು ಸೇರಿದ ಸಂಜೀವಿನಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರ್ತಿ. ಹೆಸರಿಗೆ ಪುಸ್ತಕ ಬರೆಯುವ ಕೆಲಸ. ನಾನು ಊರಿಗೆ ಹೋದಾಗ ಆಕೆಯ ಜತೆ ಒಂದು ಗುಂಪಿನ ಸಭೆಗೆ ಹೋಗಿದ್ದೆ. ತೊಗರಿ ರಾಶಿಯ ಕಾಲ. ಹೆಂಗಸರು ಹೊಲದಿಂದ ಬಂದು, ರೊಟ್ಟಿ ಬಡಿದಿಟ್ಟು, ಕತ್ತಲಾದ ಮೇಲೆ ಕಟ್ಟೆಗೆ ಬಂದರು. ಒಬ್ಬಾಕೆಯ ಪಾಸ್‌ಬುಕ್ ಗಂಡನ ಹತ್ತಿರ, ಗಂಡ ಹೈದರಾಬಾದಿನಲ್ಲಿ. ಇನ್ನೊಬ್ಬಾಕೆ ಆಧಾರಿನಲ್ಲಿ ಶರಣಮ್ಮ, ಬ್ಯಾಂಕಿನಲ್ಲಿ ಶರಣವ್ವ, ಸಾಲ ಅಲ್ಲೇ ನಿಂತಿದೆ. ಮೂರನೆಯಾಕೆ ಸಭೆಗೇ ಬಂದಿಲ್ಲ, ಪಕ್ಕದ ಮನೆಯವಳ ಜತೆ ನೀರಿನ ಪಾಳಿಗೆ ಜಗಳ. ತಮ್ಮನ ಹೆಂಡತಿ ಟಾರ್ಚ್ ಹಿಡಿದು ಅವಳ ಮನೆಗೆ ಹೋದಳು, ಚಹಾ ಕುಡಿದಳು, ಜಗಳದ ಮಾತೇ ಎತ್ತಲಿಲ್ಲ. ಕರೆದುಕೊಂಡು ಬಂದಳು. ಆಮೇಲೆ ಮೊಬೈಲ್ ಆ್ಯಪಿನಲ್ಲಿ ಹಾಜರಿ ತುಂಬಲು ನೆಟ್‌ವರ್ಕ್ ಹುಡುಕಿ ಮಾಳಿಗೆ ಹತ್ತಿದಳು.

ಟಾರ್ಚ್ ಹಿಡಿದು ಹೋದದ್ದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಆದರೆ ಅದೇ ಅಸಲು ಕೆಲಸ. ಅದಕ್ಕೆ ಸಿಗುವುದು ಗೌರವಧನ, ಅದೂ ಬಂದಾಗ ಬಂತು.

ಆಶಾ ಕಾರ್ಯಕರ್ತೆಯರದೂ ಇದೇ ಪಾಡು. 2005ರಲ್ಲಿ ಯೋಜನೆ ಬಂದಾಗಿನಿಂದ ಸಾವಿರ ಜನಕ್ಕೊಬ್ಬರಂತೆ ಮನೆ ಮನೆ ಸುತ್ತುತ್ತಿದ್ದಾರೆ, ಕಾಗದದ ಮೇಲೆ ಇನ್ನೂ ಸ್ವಯಂಸೇವಕಿಯರು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಧರಣಿ ಕೂತ ಮೇಲೆ ತಿಂಗಳಿಗೆ 10,000 ರೂಪಾಯಿಯ ಭರವಸೆ ಬಂತು. ಊರಿನ ಬಾಣಂತಿಯರನ್ನೆಲ್ಲ ಹೆಸರು ಹಿಡಿದು ಬಲ್ಲವರು ಸಂಬಳ ಕೇಳಲು ರೈಲು ಹತ್ತಬೇಕು ನೋಡಿ.

ಲಂಬಾಣಿಗಳ ತಾಂಡಾಗಳಲ್ಲಿ ಇನ್ನೊಂದು ಥರ. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿ ಬಂದು ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ವೇದಿಕೆ, ಫೋಟೊ ಎಲ್ಲ ಆಯಿತು. ಆದರೆ ಹಕ್ಕುಪತ್ರ ಆಗಬೇಕಾದರೆ ತಾಂಡಾ ಮೊದಲು ಕಂದಾಯ ಗ್ರಾಮ ಆಗಬೇಕು, ಸರ್ವೆ ಆಗಬೇಕು, ಯಾರ ಮನೆ ಎಲ್ಲಿಂದ ಎಲ್ಲಿಯವರೆಗೆ ಅಂತ ಪಟ್ಟಿ ಆಗಬೇಕು, ಪುಣೆ-ಮುಂಬೈಗೆ ದುಡಿಯಲು ಹೋದವರಿಂದ ದಾಖಲೆ ತರಿಸಬೇಕು. ನಾಯಕ, ಕಾರಭಾರಿ ಅಂತ ಹಿರಿಯರು ಇದ್ದಾರೆ ನಿಜ. ಅರ್ಜಿ ಬರೆಯಲು, ತಹಶೀಲ್ ಕಚೇರಿಗೆ ಅಲೆಯಲು ನಾನು ಕಂಡ ಕಡೆಯೆಲ್ಲ ಡಿಗ್ರಿ ಓದಿದ ಹುಡುಗರೇ ಓಡಾಡಿದರು. ಪೆಟ್ರೋಲು ಸ್ವಂತದ್ದು.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಸಂಬಳ ಪಡೆದು ಹೆಂಗಸರನ್ನು ಗುಂಪು ಕಟ್ಟುವವರು ಯಾರೂ ಇಲ್ಲವಾ? ಇದ್ದಾನೆ, ಮೈಕ್ರೊ ಫೈನಾನ್ಸ್ ಹುಡುಗ. ಗೊತ್ತಾದ ವಾರ, ಗೊತ್ತಾದ ಹೊತ್ತಿಗೆ ಬೈಕಿನಲ್ಲಿ ಬರುತ್ತಾನೆ. ತರಬೇತಿ ಇದೆ, ಟ್ಯಾಬ್ ಇದೆ, ಪೆಟ್ರೋಲ್ ಭತ್ಯೆ ಇದೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಅನ್ನುವ ಹಾಗೆ ಹತ್ತು ಹೆಂಗಸರನ್ನು ಒಂದು ದಾರದಲ್ಲಿ ಪೋಣಿಸುತ್ತಾನೆ. 2025ರ ಫೆಬ್ರುವರಿಯಲ್ಲಿ ವಸೂಲಿ ಕಿರುಕುಳ ತಡೆಯಲು ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಹುಡುಗನನ್ನು ನಾನು ಬೈಯುವುದಿಲ್ಲ, ಅವನೂ ನಮ್ಮವನೇ, ಡಿಗ್ರಿ ಮುಗಿಸಿ ಸಿಕ್ಕ ನೌಕರಿ ಹಿಡಿದವನು. ನನ್ನ ಸಿಟ್ಟು ಬೇರೆ. ಸಾಲಕ್ಕಾಗಿ ಗುಂಪು ಕಟ್ಟುವವನಿಗೆ ಸಂಬಳ ಇದೆ, ಆ ಸಾಲದ ಕಾಗದ ಓದಿ ಹೇಳುವವಳಿಗೆ ಇಲ್ಲ.

ಸಂಬಳ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾವೆಲ್ಲ ಕಂಡಿದ್ದೇವೆ. ಐದಾರು ವರ್ಷ ಜನರ ಹಿಂದೆ ಓಡಾಡಿದ ಹುಡುಗ ಸುಸ್ತಾಗುತ್ತಾನೆ. ಆಮೇಲೆ ಗ್ರಾಮ ಪಂಚಾಯತಿಗೆ ನಿಲ್ಲುತ್ತಾನೆ, ಇಲ್ಲ ಸಣ್ಣಪುಟ್ಟ ಕಾಂಟ್ರಾಕ್ಟ್ ಹಿಡಿಯುತ್ತಾನೆ, ಇಲ್ಲ ‘ಸಾಹೇಬ್ರ ಕಡೆಯವ’ ಆಗುತ್ತಾನೆ. ಜನ ‘ನಾ ಮೊದಲೇ ಹೇಳಿದ್ನಿಲ್ಲ, ಇವನೂ ಅದೇ’ ಅನ್ನುತ್ತಾರೆ. ಅವನಿಗೆ ನಾವು ಬೇರೆ ದಾರಿ ಏನು ಇಟ್ಟಿದ್ದೆವು? ಪಾರ್ಟಿ ಯಾವುದು ಅಂತ ಮೊದಲ ದಿನವೇ ಕೇಳಿದ್ದೂ ನಾವೇ.

ಸರ್ಕಾರದ ಸಂಬಳವೇ ಇದಕ್ಕೆ ಮದ್ದು ಅಂತ ನನಗೆ ಪೂರ್ತಿ ನಂಬಿಕೆ ಇಲ್ಲ. ರೈತ ಉತ್ಪಾದಕ ಕಂಪನಿಗಳನ್ನು ನೋಡಿ. 2020ರಲ್ಲಿ ಶುರುವಾದ 10,000 ಎಫ್‌ಪಿಒ ಯೋಜನೆಯಲ್ಲಿ ಒಂದೊಂದಕ್ಕೆ 18 ಲಕ್ಷದವರೆಗೆ ನೆರವು, ಮೂರು ವರ್ಷ. ಅದರಲ್ಲೇ ಸಿಇಒ ಮತ್ತು ಅಕೌಂಟೆಂಟ್ ಸಂಬಳ. ನಾಲ್ಕನೇ ವರ್ಷ ಕಂಪನಿ ತನ್ನ ವ್ಯಾಪಾರದಲ್ಲೇ ಸಂಬಳ ಹುಟ್ಟಿಸಬೇಕು. ತೊಗರಿ ಬೆಲೆ ಕೈಕೊಟ್ಟ ವರ್ಷ ಮೊದಲು ಹೋಗುವುದು ಆ ಸಿಇಒ ಹುಡುಗನೇ.

ಅದಕ್ಕೇ ನಾನು ಪಟ್ಟಿಯ ಮಾತು ಆಡುತ್ತೇನೆ, ಅಂದರೆ ಜನರೇ ಕೂಡಿ ಎತ್ತುವ ವಂತಿಗೆ. ನಮಗೆ ಪಟ್ಟಿ ಹೊಸದಲ್ಲ. ಶರಣಬಸವೇಶ್ವರ ಜಾತ್ರೆ ಇರಲಿ, ಗಣಪತಿ ಇರಲಿ, ಮೊಹರಂ ಇರಲಿ, ರಸೀದಿ ಪುಸ್ತಕ ಹಿಡಿದು ಬಂದವರಿಗೆ ಇಲ್ಲ ಅಂದವರು ಕಡಿಮೆ. ಒಂದು ಪಂಚಾಯತಿ ಒಕ್ಕೂಟದಲ್ಲಿ 40 ಗುಂಪು ಇವೆ ಅಂದುಕೊಳ್ಳಿ, ಗುಂಪಿಗೆ 12 ಜನ. ತಲೆಗೆ ತಿಂಗಳಿಗೆ 10 ರೂಪಾಯಿ ಕೊಟ್ಟರೆ 4,800 ಆಯಿತು. ದೊಡ್ಡ ದುಡ್ಡಲ್ಲ. ಆದರೆ ಅದು ಬೆಂಗಳೂರಿನ ಮಂಜೂರಾತಿಗೆ ಕಾಯದ ದುಡ್ಡು. ‘ನಾನು ನಿನಗೆ ಕೊಡ್ತೀನಿ, ಲೆಕ್ಕ ಹೇಳು’ ಅನ್ನುವ ದುಡ್ಡು. ಪುಣೆಯ ಕಸದ ಸಂಘವೂ ಬರೀ ವಂತಿಗೆಯಲ್ಲೇ ನಡೆಯುವುದಿಲ್ಲ, ದೇಣಿಗೆಯೂ ಬೇಕು, ಪಾಲಿಕೆಯೂ ಬೇಕು. ಆದರೂ ವಂತಿಗೆ ಕೊಟ್ಟ ಹೆಂಗಸು ಸಭೆಯಲ್ಲಿ ಎದ್ದು ನಿಂತು ಕೇಳುವ ದನಿಯೇ ಬೇರೆ.

ಇದನ್ನು ತಮ್ಮನ ಹೆಂಡತಿಗೆ ಹೇಳಿದರೆ ನಕ್ಕಳು. ‘ಹತ್ತು ರೂಪಾಯಿ ಕೇಳಿದ್ರ ನಾಳಿಂದ ನನ್ನ ಮಾರಿ ನೋಡಂಗಿಲ್ರಿ ಅವ್ರು. ದುಡ್ಡು ತಿಂದ್ಳು ಅಂತಾರ.’ ಅವಳ ಭಯ ಸುಳ್ಳಲ್ಲ. ಭಿಶಿ, ಅಂದರೆ ಚೀಟಿ, ನಡೆಸಿ ಓಡಿಹೋದವರು, ಡಬಲ್ ಮಾಡಿಕೊಡ್ತೀನಿ ಅಂತ ಮುಳುಗಿಸಿದವರು ನಮ್ಮ ಕಡೆ ಕಡಿಮೆ ಇಲ್ಲ. ಬೀದರಿನಲ್ಲಿ ಡಿಸಿಸಿ ಬ್ಯಾಂಕೇ ಮುಂದೆ ನಿಂತು ಸ್ವಸಹಾಯ ಗುಂಪುಗಳಿಗೆ ಸಾಲ ಕೊಟ್ಟು ಹೆಸರು ಮಾಡಿತು. ಹಿಂದೆ ಬ್ಯಾಂಕಿನ ಬೋರ್ಡು ಇದ್ದರೆ ಜನ ನಂಬುತ್ತಾರೆ. ಒಬ್ಬಂಟಿ ಹೆಂಗಸನ್ನು ನಂಬಲು ಹಿಂದೆಮುಂದೆ ನೋಡುತ್ತಾರೆ.

ಪುಣೆಯನ್ನು ತೀರಾ ಹೊಗಳಿದೆ ಅನಿಸಬಹುದು. ಇಲ್ಲೂ ತೂತು ಇದೆ, ಮತ್ತು ಆ ತೂತಿನಲ್ಲಿ ಬೀಳುವವರು ನಮ್ಮವರೇ. ವಾರಜೆ, ಹಡಪ್ಸರ್ ಕಡೆ ಕೂಲಿಯವರು ಕೆಲಸಕ್ಕೆ ಕಾಯುವ ಮಜೂರ್ ಅಡ್ಡಾಗಳಲ್ಲಿ ಬೆಳಿಗ್ಗೆ ನಿಂತರೆ ಸುರಪುರ, ಶಹಾಪುರ, ಜೇವರ್ಗಿಯ ಮಾತು ಕಿವಿಗೆ ಬೀಳುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದಾಖಲೆ ಬೇಕು. ಆಳು ಕರೆತರುವ ಮೂರು ಮುಕಾದಮರ ಕೈಕೆಳಗೆ, ಎರಡು ರಾಜ್ಯದಲ್ಲಿ ದುಡಿದವನಿಗೆ ಆ ಚೀಟಿ ಯಾರು ಬರೆದುಕೊಡುತ್ತಾರೆ? ಇಲ್ಲಿನ ಸಂಘಗಳ ಸಭೆ ಮರಾಠಿಯಲ್ಲಿ ನಡೆಯುತ್ತದೆ, ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ನಮ್ಮವರು ಹಿಂದಿನ ಸಾಲಿನಲ್ಲಿ ಕೂತು ಎದ್ದು ಬರುತ್ತಾರೆ. ಇಲ್ಲಿಗೆ ಬೇಕಾದದ್ದು ಕಲಬುರಗಿಯ ಹದ. ಒಂದೇ ಉಸಿರಿನಲ್ಲಿ ಕನ್ನಡ, ಉರ್ದು, ಮರಾಠಿ, ಲಂಬಾಣಿ ಆಡಬೇಕು. ಚಹಾಕ್ಕೆ ಕೂತು ಯಾವ ಊರು, ಯಾರ ಮಗ ಅಂತ ಶುರು ಮಾಡಿ, ಅರ್ಧ ಗಂಟೆ ಆದಮೇಲೆ ಫಾರಂ ತೆಗೆಯುವವನು ಬೇಕು. ಕಡಗಂಚಿಯಲ್ಲಿ ಓದಿದ ಹುಡುಗನಿಗೆ ಇದು ನೀರು ಕುಡಿದಷ್ಟು ಸಲೀಸು.

ನಾನಿರುವ ಕಡೆಯ ಒಂದು ಕನ್ನಡ ಬಳಗದಲ್ಲಿ ಇದನ್ನೇ ಎತ್ತಿದೆ. ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಕೂಡಿಸುವ ದುಡ್ಡಿನಲ್ಲಿ ಕಾಲು ಭಾಗ ತೆಗೆದಿಟ್ಟು, ಅಡ್ಡಾದಲ್ಲಿ ನಿಲ್ಲುವ ಒಬ್ಬ ಕನ್ನಡದ ಹುಡುಗನಿಗೆ ಸಂಬಳ ಕೊಡೋಣ ಅಂದೆ. ಕೆಲವರು ಸುಮ್ನೆ ಕೂತರು. ಒಬ್ಬರು ‘ಸೇವೆ ಮಾಡೋ ಮನಸ್ಸಿರೋರು ಫ್ರೀ ಆಗೇ ಮಾಡ್ತಾರೆ’ ಅಂದರು, ಅವರಿಗೆ ಪೆನ್ಶನ್ ಬರುತ್ತದೆ. ಖಜಾಂಚಿ ಮಾತ್ರ ಸರಿಯಾದ ಪ್ರಶ್ನೆ ಕೇಳಿದರು. ಆ ಹುಡುಗ ಯಾರಿಗೆ ಲೆಕ್ಕ ಒಪ್ಪಿಸಬೇಕು, ನಮಗಾ, ಅಡ್ಡಾದ ಜನಕ್ಕಾ? ಅಡ್ಡಾದ ಜನಕ್ಕೆ ಅಂದೆ. ಹಾಗಾದರೆ ಅವರೂ ತಲೆಗೆ ಐದೋ ಹತ್ತೋ ಹಾಕಲಿ, ಉಳಿದದ್ದು ನಾವು ಹಾಕೋಣ ಅಂತ ಅವರೇ ಹೇಳಿದರು. ಮುಂದಿನ ಸಭೆಗೆ ಬರೆದುಕೊಂಡು ಬನ್ನಿ ಅಂದಿದ್ದಾರೆ. ಬರೆಯುತ್ತಿದ್ದೇನೆ.