ರೇಸ್‌ನಲ್ಲಿ ಲೆಕ್ಕಾಚಾರ ಗೆಲ್ಲುತ್ತದೆಯೇ?

ಪರ: ಕುದುರೆಗಿಂತ ಅದರ ಬೆಲೆ ಮುಖ್ಯ

ರೇಸ್‌ಗೆ ಹೋಗುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾವ ಕುದುರೆ ಗೆಲ್ಲುತ್ತದೆ? ಟಿಪ್ಸ್ ಪುಸ್ತಕ ಕೊಂಡು, ಕ್ಯಾಂಟೀನಿನಲ್ಲಿ ಸಿಕ್ಕವರ ಪಿಸುಮಾತಿಗೆ ಕಿವಿಗೊಟ್ಟು, ಹೆಚ್ಚು ಜನ ಗೆಲ್ಲುತ್ತದೆಂದು ನಂಬಿದ ಫೇವರಿಟ್ ಮೇಲೆ ದುಡ್ಡು ಸುರಿದು ಬರುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಕುದುರೆ ಗೆಲ್ಲುವ ಸಂಭವ ಎಷ್ಟು, ಅದಕ್ಕೆ ಸಿಗುತ್ತಿರುವ ಬೆಲೆ, ಅಂದರೆ ಗೆದ್ದರೆ ಬರುವ ಲಾಭದ ದರ, ಎಷ್ಟು? ಸಂಖ್ಯಾಶಾಸ್ತ್ರ ಪಾಠ ಮಾಡುವ ನಾನು ರೇಸ್ ಬುಕ್ ಓದಲು ಹಿಡಿದಾಗಿನಿಂದ ಹೇಳುತ್ತಿರುವುದು ಇದನ್ನೇ.

ಒಂದು ಕುದುರೆ ಎರಡು ಓಟಗಳಲ್ಲಿ ಒಂದನ್ನು ಗೆಲ್ಲುವಂಥದ್ದು ಎಂದುಕೊಳ್ಳಿ. ಎಲ್ಲರಿಗೂ ಅದು ಗೊತ್ತಿರುವುದರಿಂದ ನೂರಕ್ಕೆ ಐವತ್ತು ಮಾತ್ರ ಲಾಭ ಕೊಡುತ್ತಾರೆ. ಎರಡು ಸಲ ನೂರು ನೂರು ಕಟ್ಟಿದರೆ ಹೋಗುವುದು ಇನ್ನೂರು, ಗೆದ್ದ ಸಲ ಕಟ್ಟಿದ ನೂರೂ ಸೇರಿ ಬರುವುದು ನೂರೈವತ್ತು. ಇನ್ನೊಂದು ಕುದುರೆ ನಾಲ್ಕರಲ್ಲಿ ಒಂದನ್ನಷ್ಟೇ ಗೆಲ್ಲುತ್ತದೆ, ಆದರೆ ಬೆಲೆ ಒಂದಕ್ಕೆ ಐದು, ಅಂದರೆ ನೂರಕ್ಕೆ ಐನೂರು ಲಾಭ. ನಾಲ್ಕು ಸಲಕ್ಕೆ ಹೋಗುವುದು ನಾನೂರು, ಬರುವುದು ಆರುನೂರು. ಹೆಚ್ಚು ಸಲ ಗೆಲ್ಲುವ ಕುದುರೆ ನಿಮ್ಮನ್ನು ಮುಳುಗಿಸುತ್ತದೆ, ಹೆಚ್ಚು ಸಲ ಸೋಲುವ ಕುದುರೆ ದಡ ಸೇರಿಸುತ್ತದೆ. ಇಷ್ಟನ್ನು ಮನದಟ್ಟು ಮಾಡಿಕೊಂಡವರು ರೇಸ್ ಕೋರ್ಸಿನಲ್ಲಿ ಬೆರಳೆಣಿಕೆಯಷ್ಟು ಜನ. ಉಳಿದವರ ದುಡ್ಡೇ ಆ ಬೆರಳೆಣಿಕೆಯವರ ಅವಕಾಶ.

ಯಾಕೆಂದರೆ ಟೋಟ್ ಎಂಬ ಬಾಜಿ ಪದ್ಧತಿಯಲ್ಲಿ ನಾವು ಆಡುವುದು ರೇಸ್ ಕ್ಲಬ್ಬಿನ ವಿರುದ್ಧವಲ್ಲ. 1867ರಲ್ಲಿ ಪ್ಯಾರಿಸ್‌ನಲ್ಲಿ ಒಲ್ಲರ್ ಎಂಬಾತ ಈ ಪದ್ಧತಿಯನ್ನು ಶುರುಮಾಡಿದ. ಎಲ್ಲರ ಹಣವೂ ಒಂದು ಕಡೆ ಸೇರುತ್ತದೆ, ಕ್ಲಬ್ಬು ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. ಬೆಲೆ ಕಟ್ಟುವವರು ಪಕ್ಕದಲ್ಲಿ ನಿಂತ ಜನರೇ. ಅವರು ಎಲ್ಲಿ ತಪ್ಪುತ್ತಾರೆ ಎಂಬುದನ್ನು ಅಳೆದವರೂ ಇದ್ದಾರೆ. 1949ರಲ್ಲೇ ಗ್ರಿಫಿತ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ, ಗೆಲ್ಲುವ ಸಂಭವ ತೀರಾ ಕಡಿಮೆ ಇರುವ ಕುದುರೆಗಳ ಮೇಲೆ ಜನ ಅಳತೆ ಮೀರಿ ಹಣ ಹಾಕುತ್ತಾರೆ ಎಂದು ಅಂಕಿಗಳಿಂದ ತೋರಿಸಿದ. ನೂರು ಹಾಕಿ ಹತ್ತು ಸಾವಿರ ಎಣಿಸುವ ಕನಸಿಗೆ ಅವರು ತೆರುವ ಬೆಲೆ ಅದು.

ಇದು ಪುಸ್ತಕದ ಬದನೆಕಾಯಿ ಎನ್ನುವವರು ಹಾಂಗ್‌ಕಾಂಗ್ ಕಡೆ ನೋಡಲಿ. ಲಾಸ್ ವೇಗಸ್‌ನ ಕ್ಯಾಸಿನೊಗಳು ಹೊರಗಟ್ಟಿದ ಬಿಲ್ ಬೆಂಟರ್ 1980ರ ದಶಕದಲ್ಲಿ ಅಲ್ಲಿಗೆ ಹೋದ. ಅಲ್ಲಿ ಇರುವುದು ಎರಡೇ ಟ್ರ್ಯಾಕ್, ಶಾ ಟಿನ್ ಮತ್ತು ಹ್ಯಾಪಿ ವ್ಯಾಲಿ. ಅವವೇ ಕುದುರೆಗಳು ಮತ್ತೆ ಮತ್ತೆ ಓಡುವುದರಿಂದ ಹೋಲಿಸಲು ಅಂಕಿಗಳಿಗೆ ಬರವಿಲ್ಲ. ತೂಕ, ದೂರ, ಜಾಕಿ, ಹಿಂದಿನ ಓಟಗಳು ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ ಪ್ರತಿ ಕುದುರೆಯ ಸಂಭವವನ್ನು ಲೆಕ್ಕ ಹಾಕಿದ. ನನ್ನನ್ನು ಹೆಚ್ಚು ಸೆಳೆದದ್ದು ಅವನ ಮುಂದಿನ ಹೆಜ್ಜೆ. ತನ್ನ ಲೆಕ್ಕವನ್ನಷ್ಟೇ ನಂಬದೆ, ಜನ ಕಟ್ಟಿದ ಬೆಲೆಯಲ್ಲೂ ತನಗೆ ಗೊತ್ತಿಲ್ಲದ ಸುದ್ದಿ ಅಡಗಿರುತ್ತದೆ ಎಂದು ಎರಡನ್ನೂ ಬೆರೆಸಿದ. 1994ರಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿಯೂಬಿಟ್ಟ. ಅವನು ಗಳಿಸಿದ್ದು ಕೋಟಿಗಟ್ಟಲೆ.

ಬೆಂಗಳೂರಿನ ಬೇಸಿಗೆ ಋತು ಹೆಸರಿಗಷ್ಟೇ ಬೇಸಿಗೆಯದು, ಅರ್ಧಕ್ಕರ್ಧ ಮುಂಗಾರಿನಲ್ಲಿ ನಡೆಯುತ್ತದೆ. ಅಂಥ ಒಂದು ಮಧ್ಯಾಹ್ನ ಮಳೆ ನಿಂತು ಟರ್ಫ್ ಮೆತ್ತಗಾಗಿತ್ತು. ನೆಲ ಎಷ್ಟು ಮೆದು ಎಂದು ತಿಳಿಸುವ ಪೆನಟ್ರೋಮೀಟರ್ ಅಂಕಿ ಎಲ್ಲರ ಕಣ್ಣೆದುರೇ ಇತ್ತು. ಫೇವರಿಟ್ ಕುದುರೆಯ ಗೆಲುವುಗಳೆಲ್ಲ ಗಟ್ಟಿ ನೆಲದಲ್ಲಿ ಬಂದವು. ಪಟ್ಟಿಯ ಕೆಳಗಿದ್ದ ಒಂದು ಕಂದು ಹೆಣ್ಣುಕುದುರೆ ಹಿಂದಿನ ಮಳೆಗಾಲದಲ್ಲಿ ಚೆನ್ನಾಗಿ ಓಡಿತ್ತು, ಜೊತೆಗೆ ಸವಾರ ಇನ್ನೂ ಕಲಿಯುತ್ತಿರುವ ಅಪ್ರೆಂಟಿಸ್ ಆದ್ದರಿಂದ ಅದು ಹೊರಬೇಕಾದ ತೂಕದಲ್ಲಿ ರಿಯಾಯಿತಿಯೂ ಸಿಕ್ಕಿತ್ತು. ಐದರಲ್ಲಿ ಒಂದು ಸಂಭವ ಎಂದು ಅಂದಾಜು ಮಾಡಿದೆ. ಬೋರ್ಡಿನಲ್ಲಿ ಒಂದಕ್ಕೆ ಎಂಟು! ಮೊದಲು ಬಂದರಷ್ಟೇ ಹಣ ಸಿಗುವ ವಿನ್ ಟಿಕೆಟ್ ತೆಗೆದೆ. ಅದು ಎರಡನೆಯದಾಗಿ ಬಂತು. ಗೆಳೆಯರು ಅಯ್ಯೋ ಎಂದರು. ಆ ಬಾಜಿ ಸರಿಯಾಗಿಯೇ ಇತ್ತು. ಅದೇ ಸಂಭವ, ಅದೇ ಬೆಲೆ ಮತ್ತೆ ಸಿಕ್ಕರೆ ಮತ್ತೆ ಕಟ್ಟುತ್ತೇನೆ.

ಎಷ್ಟು ಕಟ್ಟಬೇಕು ಎಂಬುದಕ್ಕೂ ಲೆಕ್ಕವಿದೆ. ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಮೇಲೆ ಹೇಳಿದ ಒಂದಕ್ಕೆ ಐದರ ಕುದುರೆಗೆ ಕೈಯಲ್ಲಿರುವ ಬಂಡವಾಳದ ಹತ್ತನೇ ಒಂದು ಭಾಗ. ಎಚ್ಚರಿಕೆಯವರು ಅದರಲ್ಲೂ ಅರ್ಧವನ್ನಷ್ಟೇ ಹಾಕುತ್ತಾರೆ. ಸೋತಂತೆಲ್ಲ ದುಪ್ಪಟ್ಟು ಕಟ್ಟುವುದು ಲೆಕ್ಕಾಚಾರವಲ್ಲ, ಹಟ. ಅದನ್ನು ನಮ್ಮ ತಲೆಗೆ ಕಟ್ಟಬೇಡಿ.

ತೆರಿಗೆ ಹೆಚ್ಚಾಯಿತು ಎಂದು ಕೆಲವರು ಗೊಣಗುತ್ತಾರೆ. ತೆರಿಗೆ ಇಂದು ಏರುತ್ತದೆ, ನಾಳೆ ಇಳಿಯುತ್ತದೆ. ಮದ್ರಾಸ್ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಕುದುರೆ ರೇಸ್ ಕೌಶಲದ ಆಟ ಎಂದು ತೀರ್ಪು ಕೊಟ್ಟಾಗಿದೆ. ಕೌಶಲದ ಆಟದಲ್ಲಿ ಕಲಿತವನು ಕಲಿಯದವನಿಗಿಂತ ಮುಂದಿರುತ್ತಾನೆ, ಮುಂದಿರಲೇಬೇಕು.

ವಿರೋಧ: ತೆರಿಗೆ ಕಟ್ಟಿದ ಮೇಲೆ ಏನು ಉಳಿಯುತ್ತದೆ?

ಈ ಪಕ್ಷ ವಹಿಸಿ ಬರೆಯಿರಿ ಎಂದು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ರೇಸ್ ಕೌಶಲದ ಆಟ ಎನ್ನುವುದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ಕುದುರೆಗಳೆಂದರೆ ಇಷ್ಟವೂ ಹೌದು. ನನ್ನ ಕೆಲಸ ಜನರ ಆದಾಯ ತೆರಿಗೆಯ ಲೆಕ್ಕ ಬರೆಯುವುದು, ಹಾಗಾಗಿ ನನ್ನ ತಕರಾರೂ ಅಲ್ಲಿಂದಲೇ ಹುಟ್ಟುತ್ತದೆ.

ಒಂದಕ್ಕೆ ಐದರ ಆ ಕುದುರೆಯನ್ನೇ ತೆಗೆದುಕೊಳ್ಳೋಣ. ನಾಲ್ಕು ಸಲ ಹತ್ತು ಹತ್ತು ಸಾವಿರ ಕಟ್ಟಿದಿರಿ. ಬಾಜಿಯ ಪೂರ್ತಿ ಮೊತ್ತದ ಮೇಲಿನ ಜಿಎಸ್‌ಟಿ 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ನಲವತ್ತು ಸಾವಿರಕ್ಕೆ ಹದಿನಾರು ಸಾವಿರ ಸೇರಿ ಜೇಬಿನಿಂದ ಹೋದದ್ದು ಐವತ್ತಾರು ಸಾವಿರ. ಒಂದು ಸಲ ಗೆದ್ದಿರಿ, ಲಾಭ ಐವತ್ತು ಸಾವಿರ. ಹತ್ತು ಸಾವಿರ ದಾಟಿದ ಗೆಲುವಾದ್ದರಿಂದ ಕೊಡುವಾಗಲೇ 30% ಆದಾಯ ತೆರಿಗೆ ಹಿಡಿದುಕೊಳ್ಳುತ್ತಾರೆ, ಅದು ಹದಿನೈದು ಸಾವಿರ. ಮೂಲ ಬಾಜಿಯೂ ಸೇರಿ ಕೈಗೆ ಬಂದದ್ದು ನಲವತ್ತೈದು ಸಾವಿರ. ಹನ್ನೊಂದು ಸಾವಿರ ನಷ್ಟ. ಸೋತ ಮೂರು ಬಾಜಿಗಳನ್ನು ಗೆದ್ದ ಹಣದಿಂದ ಕಳೆದು ತೋರಿಸುತ್ತೇವೆ ಎಂದರೆ ಕಾನೂನು ಒಪ್ಪುವುದಿಲ್ಲ. ಅಂದಾಜು ಸರಿಯಾಗಿತ್ತು, ಬೆಲೆಯೂ ಸರಿಯಾಗಿತ್ತು, ಆದರೂ ಕೈಸುಟ್ಟಿತು.

ಹಾಂಗ್‌ಕಾಂಗಿನ ಸಾಹೇಬರ ಕಥೆ ಹಾಂಗ್‌ಕಾಂಗಿಗೇ ಇರಲಿ. ನಮ್ಮಲ್ಲಿ ಲೆಕ್ಕಾಚಾರ ಎಂದರೆ ಏನು ಎಂಬುದನ್ನು ನಾನು ಮೈಸೂರಿನಲ್ಲಿ ಕಂಡಿದ್ದೇನೆ. ನಮ್ಮ ದೊಡ್ಡಪ್ಪ ಉದ್ಯೋಗದಲ್ಲಿ ಗುಮಾಸ್ತರು, ಅಕ್ಷರ ಮುತ್ತಿನಂತೆ. ಉದ್ದನೆಯ ರಟ್ಟಿನ ಲೆಡ್ಜರಿನಲ್ಲಿ ಪ್ರತಿ ಓಟವನ್ನೂ ಬರೆದಿಡುತ್ತಿದ್ದರು: ಗೆದ್ದದ್ದು ನೀಲಿ ಪೆನ್ಸಿಲಿನಲ್ಲಿ, ಸೋತದ್ದು ಕೆಂಪಿನಲ್ಲಿ, ಅಂಚಿನಲ್ಲಿ ಜಾಕಿಯ ಹೆಸರು, ಫರ್ಲಾಂಗು, ತೂಕ. ಋತು ಶುರುವಾದರೆ ಊಟದ ಎಲೆಯ ಮುಂದೆಯೂ ಅದನ್ನು ತೆರೆದುಕೊಂಡೇ ಕೂರುತ್ತಿದ್ದರು. ಸೋತರೆ ಮುಂದಿನ ಓಟಕ್ಕೆ ದುಪ್ಪಟ್ಟು. ನೂರು ಇನ್ನೂರಾಗಿ, ನಾನೂರಾಗಿ, ಎಂಟುನೂರಾಗಿ ಬೆಳೆಯುವುದನ್ನು ನಾವು ಮಕ್ಕಳು ಲೆಕ್ಕ ಕಲಿಯುವಂತೆ ನೋಡುತ್ತಿದ್ದೆವು. ದೊಡ್ಡಮ್ಮ ಒಂದು ಮಾತೂ ಆಡುತ್ತಿರಲಿಲ್ಲ. ಶಾಲೆಯ ಫೀಸಿನ ಹೊತ್ತಿಗೆ ಮಾತ್ರ ತಮ್ಮ ತವರಿಗೆ ಹೋಗಿ ಬರುತ್ತಿದ್ದರು, ಯಾಕೆ ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ನಿವೃತ್ತಿಯಲ್ಲಿ ಬಂದ ಹಣದಲ್ಲಿ ಕುವೆಂಪುನಗರದಲ್ಲೊಂದು ನಿವೇಶನ ಕೊಳ್ಳುವ ಮಾತಿತ್ತು. ಅದು ಮಾತಾಗಿಯೇ ಉಳಿಯಿತು. ಇಷ್ಟಾದರೂ ದೊಡ್ಡಪ್ಪ ತಮ್ಮ ಲೆಕ್ಕ ತಪ್ಪಿತೆಂದು ಒಪ್ಪಲಿಲ್ಲ. ಲೆಕ್ಕ ಸರಿಯಿದೆ, ಬಂಡವಾಳ ಸಾಲಲಿಲ್ಲ ಎಂದೇ ಕೊನೆಯವರೆಗೆ ವಾದಿಸಿದರು.

ದುಪ್ಪಟ್ಟು ಕಟ್ಟುವುದು ನಮ್ಮ ಪದ್ಧತಿಯಲ್ಲ ಎಂದು ಪರವಾಗಿ ಬರೆಯುವವರು ಹೇಳಬಹುದು. ಪ್ರತಿ ಪದ್ಧತಿಯವರೂ ಪಕ್ಕದವರ ಪದ್ಧತಿಯನ್ನು ಹೀಗೇ ಅಲ್ಲಗಳೆಯುತ್ತಾರೆ. ಎರಡನೆಯದಾಗಿ ಬಂದ ಕುದುರೆಗೆ ಕಟ್ಟಿದ್ದು ಸರಿಯಾದ ಬಾಜಿ ಎನ್ನುವವರು ಒಂದು ಕೆಲಸ ಮಾಡಲಿ. ಒಂದು ಇಡೀ ಋತುವಿನ ಬಾಜಿಗಳನ್ನು ಓಟ ನಡೆಯುವ ಮೊದಲೇ ಪ್ರಕಟಿಸಲಿ, ಕೊನೆಗೆ ಜಿಎಸ್‌ಟಿಗೊಂದು, ಆದಾಯ ತೆರಿಗೆಗೊಂದು ಅಂಕಣ ಎಳೆದು ಮೊತ್ತ ಕೂಡಿಸಲಿ. ಆ ಲೆಕ್ಕವನ್ನು ಪುಕ್ಕಟೆಯಾಗಿ ಪರಿಶೀಲಿಸಿ ಕೊಡಲು ನಾನು ಸಿದ್ಧ.