ಅಣುಕಸ ಮತ್ತು ಸಭೆಗೆ ಬಾರದವರು

1986ರ ಏಪ್ರಿಲ್ 26ಕ್ಕೆ ಚೆರ್ನೋಬಿಲ್‌ನಲ್ಲಿ ರಿಯಾಕ್ಟರ್ ಸಿಡಿಯಿತು. ಜಗತ್ತಿಗೆ ಗೊತ್ತಾಗಿದ್ದು 28ಕ್ಕೆ. ಅದೂ ಯಾರೋ ಫೋನ್ ಮಾಡಿ ಹೇಳಿದ್ದಲ್ಲ, ಒಬ್ಬನ ಬೂಟು ಹೇಳಿದ್ದು. ಅಲ್ಲಿಂದ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ, ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣು ಸ್ಥಾವರದಲ್ಲಿ ಬೆಳಿಗ್ಗೆ ಒಬ್ಬ ನೌಕರ ತಪಾಸಣೆ ಯಂತ್ರದ ಮುಂದೆ ಹಾದುಹೋದ. ಯಂತ್ರ ಕೂಗಿಕೊಂಡಿತು. ವಿಕಿರಣ ಇರುವ ಭಾಗಕ್ಕೆ ಅವನು ಅವತ್ತು ಇನ್ನೂ ಕಾಲೇ ಇಟ್ಟಿರಲಿಲ್ಲ. ಬೂಟಿಗೆ ಅಂಟಿದ್ದು ಹೊರಗಿನ ನೆಲದಿಂದ ಬಂದದ್ದು. ಪಾಪ, ಅವರು ಮೊದಲು ತಮ್ಮದೇ ಸ್ಥಾವರ ಸೋರುತ್ತಿದೆ ಅಂತ ಗಾಬರಿಯಾಗಿ ಕೆಲಸಗಾರರನ್ನು ಹೊರಗೆ ಕಳಿಸಿದರು. ಸಂಜೆ ಹೊತ್ತಿಗೆ ಮಾಸ್ಕೋ ಟಿವಿಯಲ್ಲಿ ಒಂದು ಪುಟ್ಟ ಪ್ರಕಟಣೆ ಬಂತು: ಹೌದು, ಒಂದು ಅವಘಡ ಆಗಿದೆ.

ಅದೇ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ದೇಶಗಳೆಲ್ಲ ಕೂಡಿ ಒಪ್ಪಂದ ಮಾಡಿಕೊಂಡವು. ಏನಂತ? ಅವಘಡ ಆದರೆ ಪಕ್ಕದ ದೇಶಕ್ಕೆ ಬೇಗ ಹೇಳಬೇಕಂತ. ಇದನ್ನೂ ಬರೆದು ಸಹಿ ಹಾಕಿಸಿಕೊಳ್ಳಬೇಕಾಯಿತು ನೋಡಿ.

ಆಮೇಲೆ ಒಪ್ಪಂದಗಳ ಸುಗ್ಗಿ. 1994ರಲ್ಲಿ ಅಣು ಸುರಕ್ಷತೆಗೆ ಒಂದು, 1997ರಲ್ಲಿ ಉರಿದ ಇಂಧನ ಮತ್ತು ವಿಕಿರಣ ಕಸಕ್ಕೆ ಇನ್ನೊಂದು. ಪದ್ಧತಿ ಏನಪ್ಪಾ ಅಂದರೆ, ಮೂರು ವರ್ಷಕ್ಕೊಮ್ಮೆ ಪ್ರತಿ ದೇಶ 'ನಾವು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೇವೆ' ಅಂತ ತನ್ನ ವರದಿಯನ್ನು ತಾನೇ ಬರೆಯುತ್ತದೆ, ಉಳಿದವರು ಓದುತ್ತಾರೆ, ವಿನಯದಿಂದ ಪ್ರಶ್ನೆ ಕೇಳುತ್ತಾರೆ, ಇವರು ವಿನಯದಿಂದ ಉತ್ತರ ಕೊಡುತ್ತಾರೆ, ಮುಂದಿನ ಸಲ ಅವರ ಸರದಿ. ತಪ್ಪಿದವರಿಗೆ ದಂಡ ಇಲ್ಲ. ಒಬ್ಬರನ್ನೊಬ್ಬರು ನೋಡಿ ನಾಚಿಕೆಪಟ್ಟು ಸುಧಾರಿಸಲಿ ಅನ್ನೋದು ಆಶಯ. ಸರ್ಕಾರಗಳಿಗೆ ನಾಚಿಕೆ ಆಗುತ್ತದೆ ಅಂತ ನಂಬಿ ಕಟ್ಟಿದ ವ್ಯವಸ್ಥೆ ಇದು.

ಇಲ್ಲ, ನಗಬಾರದು. ಮಾತಾಡದೆ ಇರೋದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಎಲ್ಲ ಒಪ್ಪಿದ ಮೇಲೂ ಒಂದು ಪ್ರಶ್ನೆ ಮೇಜಿನ ಮೇಲೆ ಹಾಗೇ ಕೂತಿರುತ್ತದೆ: ಕಸ ಎಲ್ಲಿಡೋದು?

ಇದಕ್ಕೆ ಉತ್ತರ ಹುಬ್ಬಳ್ಳಿಯ ನಮ್ಮ ಓಣಿಗೆ ಗೊತ್ತು. ಕಸದ ಕಂಟೇನರ್ ಎಲ್ಲಿಡಬೇಕು ಅಂತ ಒಮ್ಮೆ ಗುಡಿ ಕಟ್ಟೆ ಮೇಲೆ ಸಭೆ ಸೇರಿತ್ತು. ಕಂಟೇನರ್ ಬೇಕು ಅನ್ನೋದಕ್ಕೆ ಎಲ್ಲರದೂ ಒಮ್ಮತ. "ಆದ್ರ ಗುಡಿ ಮುಂದ ಬ್ಯಾಡ್ರಿ, ಮಡಿ ಮೈಲಿಗಿ." "ಸಾಲಿ ಮುಂದಂತೂ ಬ್ಯಾಡ, ಸಣ್ಣ ಹುಡುಗ್ರು." "ನಮ್ಮನಿ ಮುಂದ ಇಟ್ರ ನಂದೇನೂ ತಕರಾರಿಲ್ರಿ, ನಮ್ಮವ್ವಗ ದಮ್ಮೈತಿ, ಅದೊಂದ." ಚಹಾ ಎರಡು ಸುತ್ತು ಆಯಿತು. ಕೊನೆಗೆ ಸರ್ವಾನುಮತದಿಂದ ಒಂದು ಜಾಗ ಗೊತ್ತಾಯಿತು. ಅವತ್ತು ಬೀಗರ ಮದುವೆಗೆ ಅಂತ ಹಾವೇರಿಗೆ ಹೋಗಿದ್ದವರ ಮನೆ ಮುಂದೆ.

ಜಗತ್ತಿನ ಅಣುಕಸದ ಕತೆಯೂ ಇಷ್ಟೇ. ಸಭೆಗೆ ಬರದವರ ಮನೆ ಹುಡುಕೋದು.

ಅಮೆರಿಕದವರು 1987ರಲ್ಲಿ ನೆವಾಡಾ ರಾಜ್ಯದ ಯುಕ್ಕಾ ಬೆಟ್ಟವನ್ನು ಆರಿಸಿದರು. ನೆವಾಡಾದಲ್ಲಿ ಅಣು ವಿದ್ಯುತ್ ಸ್ಥಾವರ ಒಂದೂ ಇಲ್ಲ. ಕರೆಂಟ್ ಬೇರೆಯವರಿಗೆ, ಕಸ ಇವರಿಗೆ. ಜಗಳ ಹತ್ತಿ ಆ ಯೋಜನೆ ಇವತ್ತಿಗೂ ಅಲ್ಲೇ ನಿಂತಿದೆ. ಇದರಲ್ಲಿ ನನಗೆ ಹೊಟ್ಟೆಕಿಚ್ಚು ಬರಿಸೋ ಸಂಗತಿ ಒಂದಿದೆ. 1998ರ ಜನವರಿ 31ರ ಹೊತ್ತಿಗೆ ಕಸ ಒಯ್ಯಲು ಶುರು ಮಾಡುತ್ತೇವೆ ಅಂತ ಸರ್ಕಾರ ಮಾತು ಕೊಟ್ಟಿತ್ತು, ಒಯ್ಯಲಿಲ್ಲ, ಅದಕ್ಕೆ ವಿದ್ಯುತ್ ಕಂಪನಿಗಳು ಕೋರ್ಟಿಗೆ ಹೋಗಿ ಕೋಟಿಗಟ್ಟಲೆ ಡಾಲರ್ ಪರಿಹಾರ ಪಡೆಯುತ್ತಲೇ ಇವೆ. ಕಸ ಒಯ್ಯದಿದ್ದರೆ ದುಡ್ಡು ವಾಪಸ್! ನಾವೂ ಮನೆ ಕರದ ಜೊತೆ ಕಸದ ಸೆಸ್ ಕಟ್ಟುತ್ತೇವೆ, ಗಾಡಿ ಬಾರದ ದಿನಗಳ ಲೆಕ್ಕ ಹಾಕಿದರೆ ನಮ್ಮ ಓಣಿಯವರು ಇಷ್ಟೊತ್ತಿಗೆ ತಲಾ ಒಂದು ಸೈಟ್ ತಗೊಂಡಿರುತ್ತಿದ್ದೆವು.

ದಕ್ಷಿಣ ಆಸ್ಟ್ರೇಲಿಯಾದಲ್ಲಿ 2016ರಲ್ಲಿ ಇನ್ನೂ ದೊಡ್ಡ ಆಲೋಚನೆ ಬಂತು. ಬೇರೆ ದೇಶಗಳ ಅಣುಕಸ ತರಿಸಿ ಇಟ್ಟುಕೊಳ್ಳೋಣ, ಬಾಡಿಗೆ ಬರುತ್ತದೆ ಅಂತ. ಇಡೀ ಆಸ್ಟ್ರೇಲಿಯಾದಲ್ಲೇ ಅಣು ವಿದ್ಯುತ್ ಇಲ್ಲ, ಗೊತ್ತಲ್ವಾ? ಆದರೆ ಅಲ್ಲಿ ಒಂದು ಯಡವಟ್ಟು ಮಾಡಿದರು, ಸಾಮಾನ್ಯ ನಾಗರಿಕರನ್ನೂ ಸಭೆಗೆ ಕರೆದರು. ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಮುಗಿಯಿತು.

ನಾವೇನು ಸಾಚಾ ಅಲ್ಲ. ಕೈಗಾದಿಂದ 400 ಕೆವಿ ಲೈನು ಘಟ್ಟ ಹತ್ತಿ ನಮ್ಮ ಧಾರವಾಡದ ನರೇಂದ್ರಕ್ಕೆ ಬಂದು ನಿಲ್ಲುತ್ತದೆ. ಮೇ ತಿಂಗಳಲ್ಲಿ ಕೂಲರ್ ಹಚ್ಚಿಕೊಂಡು ಅಡ್ಡಾಗುವಾಗ, ಉರಿದ ಇಂಧನದ ಕಟ್ಟುಗಳು ಅಲ್ಲೇ ಸ್ಥಾವರದ ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣ್ಣಗಾಗುತ್ತಿವೆ ಅನ್ನೋದು ನಮಗೆ ಯಾರಿಗೂ ನೆನಪಾಗೋದಿಲ್ಲ. 2012ರ ನವೆಂಬರ್‌ನಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ಪ್ರಕರಣ ನಡೆದಾಗ, ಅಲ್ಲಿಯ ಕಸವನ್ನು ಕೋಲಾರದ ಮುಚ್ಚಿದ ಚಿನ್ನದ ಗಣಿಯಲ್ಲಿ ಇಡಬಹುದು ಅನ್ನೋ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂತು. ಕೆಜಿಎಫ್ ಜನಕ್ಕೆ ಪೇಪರ್ ಓದಿ ವಿಷಯ ಗೊತ್ತಾಯಿತು. ಬೀದಿಗಿಳಿದರು. ಕೂಡಲೇ ದಿಲ್ಲಿಯಿಂದ, ಛೇ ಛೇ, ಅಂಥ ಯೋಜನೆಯೇ ಇಲ್ಲ ಅಂತ ಸಮಜಾಯಿಷಿ ಬಂತು. ನಾವು ಹುಬ್ಬಳ್ಳಿಯವರು ಸುದ್ದಿ ಓದಿ, ಸದ್ಯ, ದೂರ ಐತಿ ಬಿಡು ಅಂತ ಪುಟ ತಿರುವಿದೆವು.

ಫಿನ್ಲೆಂಡಿನವರು ಮಾತ್ರ ಮರ್ಯಾದಸ್ಥರು. ತಮ್ಮ ಓಲ್ಕಿಲುಓಟೋ ಸ್ಥಾವರದ ಪಕ್ಕದಲ್ಲೇ, 400 ಮೀಟರ್‌ಗೂ ಆಳದ ಬಂಡೆಯಲ್ಲಿ ಓಂಕಾಲೋ ಅನ್ನೋ ಸುರಂಗ ಕೊರೆದಿದ್ದಾರೆ, ಅದೂ ಊರಿನವರನ್ನು ಕೇಳಿ. ಜಗತ್ತೆಲ್ಲ ಹೋಗಿ ನೋಡಿ ಚಪ್ಪಾಳೆ ತಟ್ಟಿ ಬರುತ್ತದೆ. ನಮ್ಮದೂ ಸ್ವಲ್ಪ ಇಟ್ಟುಕೊಳ್ತೀರಾ ಅಂತ ಕೇಳುವ ಹಾಗಿಲ್ಲ. ಬೇರೆ ದೇಶದ ಅಣುಕಸ ಒಳಗೆ ಬಿಡಬಾರದು ಅಂತ ಅವರದು ಮೊದಲೇ ಕಾನೂನಿದೆ. ಸಹಕಾರ ಬೇರೆ, ಸಾಮಾನು ಬೇರೆ.

ಆದರೆ ಇವರೆಲ್ಲರಿಗಿಂತ ಅನುಕೂಲವಾದ ಗೈರುಹಾಜರಿಯವರು ಒಬ್ಬರಿದ್ದಾರೆ: ಇನ್ನೂ ಹುಟ್ಟದವರು. ಪ್ಲುಟೋನಿಯಂ-239 ಅರ್ಧ ಆಗೋದಕ್ಕೇ ಸುಮಾರು 24,100 ವರ್ಷ ಬೇಕು. ಅಷ್ಟು ಮುಂದಿನವರು ಯಾವ ಸಭೆಗೂ ಬಂದು ತಕರಾರು ತೆಗೆಯೋದಿಲ್ಲ. ಹಾಗಂತ ನೋಟಿಸ್ ಆದರೂ ಕೊಡಬೇಕಲ್ಲ? ಇಲ್ಲಿ ಅಗೆಯಬೇಡಿ ಅಂತ ಅವರಿಗೆ ತಿಳಿಸೋದು ಹೇಗೆ ಅಂತ 1980ರ ದಶಕದಲ್ಲೇ ಪಂಡಿತರು ತಲೆ ಕೆಡಿಸಿಕೊಂಡರು. ಒಬ್ಬರು ಹೇಳಿದರು, ಅಣು ಪುರೋಹಿತರ ಒಂದು ಪರಂಪರೆ ಕಟ್ಟೋಣ, ಅವರು ತಲೆತಲಾಂತರ ಭಯಭಕ್ತಿ ಕಾಯ್ದುಕೊಂಡು ಬರಲಿ. ಇನ್ನಿಬ್ಬರು ಹೇಳಿದರು, ವಿಕಿರಣದ ಹತ್ತಿರ ಹೋದರೆ ಬಣ್ಣ ಬದಲಾಗುವ ಬೆಕ್ಕು ಬೆಳೆಸೋಣ, ಬೆಕ್ಕಿನ ಬಣ್ಣ ಬದಲಾದರೆ ಓಡಿಹೋಗಿ ಅಂತ ಹಾಡು ಕಟ್ಟೋಣ. ತಮಾಷೆ ಮಾಡುತ್ತಿಲ್ಲ, ನಿಜ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಭೂಗತ ಅಣುಕಸದ ಗೂಡಿಗೆ, ನೋಡಿದವರು ಹೆದರಲಿ ಅಂತ ದೈತ್ಯ ಮುಳ್ಳುಗಳನ್ನು ನಿಲ್ಲಿಸುವ ಸಲಹೆಯೂ 1993ರಲ್ಲಿ ಬಂತು, 10,000 ವರ್ಷ ಬಾಳಬೇಕಂತ. ಆ ಗೂಡು 1999ರಲ್ಲಿ ತೆರೆಯಿತು. 2014ರ ಫೆಬ್ರವರಿಯಲ್ಲಿ ಒಳಗೆ ಒಂದು ಡ್ರಮ್ಮು ಬಿಸಿಯಾಗಿ ಬಾಯಿಬಿಟ್ಟಿತು. ದ್ರವ ಹೀರಲು ಜೇಡಿಮಣ್ಣಿನ ಪುಡಿ ಹಾಕಬೇಕಿದ್ದಲ್ಲಿ ಗೋಧಿಯಿಂದ ಮಾಡಿದ್ದನ್ನು ಹಾಕಿದ್ದರು, ಸಾಕಿದ ಬೆಕ್ಕು ಕಕ್ಕ ಮಾಡಲು ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ ಪುಡಿ. ಮೂರು ವರ್ಷದಷ್ಟು ಕಾಲ ಬಾಗಿಲು ಹಾಕಿದರು. ಹತ್ತು ಸಾವಿರ ವರ್ಷದ ಯೋಜನೆಗೆ ಹದಿನೈದನೇ ವರ್ಷಕ್ಕೇ ಬೆಕ್ಕು ಅಡ್ಡ ಬಂತು.

ಇದನ್ನೆಲ್ಲ ನಮ್ಮ ಗದಗಿನ ಮಾಮಾನಿಗೆ ಹೇಳಿದೆ. ಲಕ್ಕುಂಡಿ ಸುತ್ತಮುತ್ತಲ ಹಳ್ಳಿ ಅವರಿಗೆ ಅಂಗೈ ಇದ್ದ ಹಾಗೆ. ಗಿರಮಿಟ್ ತಿನ್ನುತ್ತಾ ಶಾಂತವಾಗಿ ಕೇಳಿದರು.

"ಅಲ್ಲೋ ಅಳಿಯಾ, ಕಲ್ಲಿನ ಮ್ಯಾಲ ಬರದ್ರ ಯಾರ್ ಕೇಳ್ತಾರ? ನಮ್ಮ ಶಾಸನದಾಗ ಏನ್ ಬರದಾರ? ಇದನ್ನ ಅಳಿದವಗ ವಾರಣಾಸ್ಯಾಗ ಸಾವಿರ ಕವಲಿ ಆಕಳ ಕೊಂದ ಪಾಪ ಅಂತ. ಸಾವಿರ ವರ್ಷನೂ ಆಗಿಲ್ಲ, ದಾನದ ಹೊಲಾನೂ ಹೋತು, ಕಲ್ಲಿನ ಮ್ಯಾಲ ಅರಿಬಿ ಒಗ್ಯಾಕತ್ತಾರ."

"ಮುಳ್ಳಿನ ಕಂಬ ನಿಲ್ಲಿಸಿದ್ರ?"

"ಮುಗೀತ. ಇಷ್ಟ ಕಾವಲ ಐತಿ ಅಂದ್ರ ತೆಳಗ ನಿಧಿ ಐತಿ ಅಂತನ ಲೆಕ್ಕ. ಅಮಾಸಿ ರಾತ್ರಿ ಲಿಂಬಿಹಣ್ಣು, ಕುಂಕುಮ, ಪಿಕಾಸಿ ತಗೊಂಡು ಬಂದ ಬಿಡ್ತಾರ."

"ಬೆಕ್ಕು?"

"ಬಣ್ಣ ಬದಲಾದ್ರ ಗುಡಿ ಕಟ್ತಾರ. ಆಮ್ಯಾಲ ಪೂಜಾರಿ ಯಾರು ಅಂತ ಧಾರವಾಡ ಹೈಕೋರ್ಟಿಗೆ ಹೋಗ್ತಾರ."

ಕೋರ್ಟು ಅಂದ ಕೂಡಲೇ ನನಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ಜನ ನಿಜವಾಗಿ ದೂರ ಉಳಿಯೋದು ಒಂದೇ ಬೋರ್ಡಿಗೆ ಅಲ್ವಾ: 'ಈ ಜಾಗದ ವ್ಯಾಜ್ಯ ಕೋರ್ಟಿನಲ್ಲಿದೆ, ಯಾರೂ ಖರೀದಿ ಮಾಡಬಾರದು.' ವಿಯೆನ್ನಾಕ್ಕೆ ಇದನ್ನೇ ಬರೆದು ಕಳಿಸೋಣ ಅಂದೆ.

ಮಾಮಾ ಮಿರ್ಚಿ ತುಂಡು ಮಾಡಿ ಬಾಯಿಗೆ ಹಾಕಿಕೊಂಡರು. "ಕಳಸು. ಹಂತಾ ಜಾಗಾನ ಅಗ್ಗಕ್ಕ ಸಿಗತಾವ. ಆರು ತಿಂಗಳದಾಗ ಎನ್‌ಎ ಮಾಡಿಸಿ, ಲೇಔಟ್ ಹಾಕಿ, ಕಮಾನು ನಿಲ್ಲಿಸಿ ಸೈಟ್ ಮಾರ್ತಾರ ನೋಡು. ಬೋರ್ ಹಾಕಿದ್ರ ಬಿಸಿನೀರ ಬರ್ತಾವ ಅಂತ ಚದರಕ್ಕ ನೂರು ರೂಪಾಯಿ ಜಾಸ್ತಿ."